ಕೇಳ್ರಿ, ಹೇಳ್ತೀವಿ: ಕಥೋಲಿಕ ಪ್ರಾಥಮಿಕ ಶಾಲೆಯ ಮೌಲ್ಯಪಾಠ

ಬೆಳಗಾವಿ ಸೀಮೆಗೆ ಕಥೋಲಿಕ ಶಾಲೆ ಹೊಸದಲ್ಲ. ಬೆಳಗಾವಿ ಧರ್ಮಕ್ಷೇತ್ರ (ಒಬ್ಬ ಬಿಷಪ್ಪರ ಆಡಳಿತದ ಸೀಮೆ) ಹುಟ್ಟಿದ್ದು 1953ರಲ್ಲಿ, ಊರಿನ ಸೇಂಟ್ ಪೌಲ್ಸ್ ಶಾಲೆ ಅದಕ್ಕೂ ಹಿಂದಿನದು, 1856ರದು. ಈ ಸಲದ ಅಂಕಣಕ್ಕೆ ಇಂಥ ಶಾಲೆಗಳ ಪ್ರಾಥಮಿಕ ವಿಭಾಗದ ಶಿಕ್ಷಕರು ಮತ್ತು ಪಾಲಕರು ಬರೆದ ಐದು ಪತ್ರಗಳನ್ನು ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಮ್ಮದು ಅನುದಾನಿತ ಕನ್ನಡ ಶಾಲೆ. ಒಂದರಿಂದ ಐದನೇ ತರಗತಿವರೆಗೆ 170 ಮಕ್ಕಳಿದ್ದಾರೆ. ಗೋಡೆ ಮೇಲೆ ಹನ್ನೆರಡು ಮೌಲ್ಯ ಬರೆಸಿದ್ದೇವೆ, ವಾರಕ್ಕೊಂದು ನೀತಿಪಾಠದ ಪಿರಿಯಡ್ ಇದೆ. ಬರುವ ಜೂನ್‌ನಿಂದ 'ಮೌಲ್ಯಾಧಾರಿತ ಪಠ್ಯಕ್ರಮ' ಬೇಕು ಅಂತ ಆಡಳಿತ ಮಂಡಳಿ ಹೇಳಿದೆ. ಎಲ್ಲಿಂದ ಶುರು ಮಾಡೋಣ? (ಮುಖ್ಯಶಿಕ್ಷಕಿ, ಖಾನಾಪುರ ತಾಲೂಕು)

ಹನ್ನೆರಡರಲ್ಲಿ ಏಳನ್ನು ಅಳಿಸುವುದರಿಂದ ಶುರು ಮಾಡಿ.

ಲೆಕ್ಕ ನೋಡಿ. ಒಂದರಿಂದ ಐದನೇ ತರಗತಿಗೆ ಶಿಕ್ಷಣ ಹಕ್ಕು ಕಾಯ್ದೆ ಹೇಳುವ ಕನಿಷ್ಠ ಅಳತೆ 200 ಕೆಲಸದ ದಿನ, 800 ಬೋಧನಾ ಗಂಟೆ. (ಅಲ್ಪಸಂಖ್ಯಾತ ಶಾಲೆಗಳಿಗೆ ಆ ಕಾಯ್ದೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ನಮ್ಮ ಲೆಕ್ಕಕ್ಕೆ ಮಾತ್ರ ಅದೇ ಅಳತೆ ಸಾಕು.) ವಾರಕ್ಕೆ ಆರು ದಿನವೆಂದರೆ 33 ವಾರ. ಪರೀಕ್ಷೆ, ಕ್ರೀಡಾಕೂಟ, ಮಳೆಯ ರಜೆ ಕಳೆದರೆ ನೀತಿಪಾಠಕ್ಕೆ ಕೈಗೆ ಹತ್ತುವುದು ಹೆಚ್ಚೆಂದರೆ 30 ಪಿರಿಯಡ್. ತಲಾ 40 ನಿಮಿಷದಂತೆ 20 ಗಂಟೆ. ಹನ್ನೆರಡು ಮೌಲ್ಯಕ್ಕೆ ಹಂಚಿದರೆ ಒಂದೊಂದಕ್ಕೆ ಎರಡೂವರೆ ಪಿರಿಯಡ್. ಒಂದು ಕಥೆ, ಒಂದು ಚಿತ್ರ, ಮುಗೀತು. ಐದೇ ಮೌಲ್ಯ ಇಟ್ಟುಕೊಂಡರೆ ಒಂದೊಂದಕ್ಕೆ ಆರು ವಾರ ಸಿಗುತ್ತದೆ. ಆದರೆ ನೀವು ತಲೆ ಕೆಡಿಸಿಕೊಳ್ಳಬೇಕಾದದ್ದು ಈ 20 ಗಂಟೆಗಿಂತ ಹೆಚ್ಚಾಗಿ ಉಳಿದ 780 ಗಂಟೆಯ ಬಗ್ಗೆ.

ಯಾವ ಐದು? ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ, ಸಾಮಾಜಿಕ ಬೋಧನೆಯ ಬುಡದಲ್ಲಿರುವುದು ಪ್ರತಿ ಮನುಷ್ಯನ ಘನತೆ, ಸರ್ವರ ಹಿತ, ಒಬ್ಬರಿಗೊಬ್ಬರು ನಿಲ್ಲುವುದು, ಬಡವರಿಗೆ ಮೊದಲ ಮಣೆ, ಸೃಷ್ಟಿಯ ಪಾಲನೆ. ಚಿಕ್ಕ ಮಕ್ಕಳಿಗೆ ಇವನ್ನು ಘನತೆ, ಸತ್ಯ, ಹಂಚಿಕೆ, ಕ್ಷಮೆ, ಸೃಷ್ಟಿಯ ಆರೈಕೆ ಎಂದು ಇಳಿಸಿಕೊಳ್ಳಬಹುದು. 'ಶಿಸ್ತು', 'ವಿಧೇಯತೆ' ಎರಡನ್ನೂ ಪಟ್ಟಿಯಿಂದ ತೆಗೆಯಿರಿ. ಅವು ಬಹುಮಟ್ಟಿಗೆ ದೊಡ್ಡವರ ಅನುಕೂಲ. ಸ್ವಚ್ಛತೆ ಒಳ್ಳೆಯ ರೂಢಿ, ಅದಕ್ಕೆ ಪೊರಕೆ ಮತ್ತು ಪಾಳಿ ಸಾಕು, ಪಠ್ಯಕ್ರಮ ಬೇಡ.

ಮುಂದಿನ ಹೆಜ್ಜೆಯಲ್ಲೇ ಹೆಚ್ಚಿನ ಶಾಲೆಗಳು ಜಾರುತ್ತವೆ. 'ಮಗು ಸತ್ಯದ ಮಹತ್ವ ಅರಿಯುತ್ತದೆ' ಎಂದು ಬರೆದಿಡುತ್ತಾರೆ. ಅರಿತದ್ದನ್ನು ಕಂಡವರಾರು? ಕಣ್ಣಿಗೆ ಬೀಳುವಂಥದ್ದನ್ನು, ತರಗತಿಗೊಂದು ಮೆಟ್ಟಿಲಿನಂತೆ ಬರೆಯಬೇಕು. ಸತ್ಯಕ್ಕೆ ಹೀಗೆ: ಒಂದನೇ ತರಗತಿಯ ಮಗು ಸಿಕ್ಕ ಪೆನ್ಸಿಲನ್ನು 'ಅಕ್ಕೋರ, ಇದು ನಂದಲ್ರಿ' ಎಂದು ತಂದುಕೊಡುತ್ತದೆ. ಎರಡನೆಯದರಲ್ಲಿ ಕೇಳಿದಾಗ ತನ್ನ ತಪ್ಪು ಒಪ್ಪುತ್ತದೆ, ಮೂರರಲ್ಲಿ ಕೇಳುವ ಮೊದಲೇ ಹೇಳುತ್ತದೆ. ನಾಲ್ಕರಲ್ಲಿ ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಬೇರ್ಪಡಿಸಿ ಹೇಳುತ್ತದೆ. ಐದರಲ್ಲಿ ಗೆಳೆಯನ ತಪ್ಪನ್ನು ಅವನ ಮಾನ ಕಳೆಯದೆ ಅವನಿಗೇ ಹೇಳುತ್ತದೆ. ಐದು ಮೌಲ್ಯ, ಐದು ತರಗತಿ, ಒಟ್ಟು 25 ಚೌಕ. ಒಂದು ದೊಡ್ಡ ಹಾಳೆಯಲ್ಲಿ ಹಿಡಿಯುತ್ತದೆ.

ಇನ್ನು 780 ಗಂಟೆಗೆ ಬನ್ನಿ. ಮೇ ತಿಂಗಳಲ್ಲಿ ಎರಡು ದಿನ ಎಲ್ಲ ಶಿಕ್ಷಕರೂ ಪಠ್ಯಪುಸ್ತಕಗಳನ್ನು ಮೇಜಿನ ಮೇಲೆ ಹರವಿ ಕುಳಿತು, ಪ್ರತಿ ಚೌಕಕ್ಕೂ ಈಗಾಗಲೇ ಇರುವ ಮೂರು ಪಾಠ ಹುಡುಕಬೇಕು. ಹೊಸ ಪುಸ್ತಕ ಕೊಳ್ಳುವ ಗೊಡವೆ ಬೇಡ. ನಾಲ್ಕನೇ ತರಗತಿಯ ಭಾಗಾಕಾರ ತೆಗೆದುಕೊಳ್ಳಿ: 24 ಹೋಳಿಗೆ, 6 ಮಕ್ಕಳು, ತಲೆಗೆ 4. ಆಮೇಲೆ ಒಂದು ಮಾತು ಸೇರಿಸಿ: ಅವರಲ್ಲಿ ಒಬ್ಬ ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಸಮಪಾಲು ಮತ್ತು ನ್ಯಾಯದ ಪಾಲು ಒಂದೇನಾ? ಮಕ್ಕಳು ಬೇರೆ ಬೇರೆ ಲೆಕ್ಕ ತರುತ್ತಾರೆ, ಒಟ್ಟು 24 ಆಗುವ ಪ್ರತಿಯೊಂದೂ ಗಣಿತಕ್ಕೆ ಸರಿ. ಐದನೇ ತರಗತಿಗೆ ಸೋರುವ ನಲ್ಲಿಯಿದೆ. ಒಂದು ಲೀಟರ್ ಬಾಟಲಿ ಕೆಳಗಿಟ್ಟು ಗಡಿಯಾರ ನೋಡಲಿ. 40 ನಿಮಿಷಕ್ಕೆ ತುಂಬಿದರೆ ದಿನಕ್ಕೆ 36 ಲೀಟರ್. ಬೇಸಿಗೆಯಲ್ಲಿ ಎರಡು ಕೊಡ ನೀರಿಗೆ ಸರದಿ ನಿಲ್ಲುವ ಮನೆಯ ಮಗುವಿಗೆ ಆ 36 ಎಷ್ಟು ದೊಡ್ಡದೆಂದು ವಿವರಿಸಬೇಕಿಲ್ಲ. ಪೋಪ್ ಫ್ರಾನ್ಸಿಸ್ 2015ರ ವಿಶ್ವಪತ್ರದಲ್ಲಿ (ಇಡೀ ಧರ್ಮಸಭೆಗೆ ಪೋಪ್ ಬರೆಯುವ ಬೋಧನಾ ಪತ್ರ) ಭೂಮಿಯನ್ನು ನಮ್ಮೆಲ್ಲರ ಮನೆ ಎಂದು ಕರೆದದ್ದನ್ನು ಶಿಕ್ಷಕರು ಓದಿಕೊಂಡಿರಲಿ. ಮಕ್ಕಳಿಗೆ ಬಾಟಲಿ ಸಾಕು. ಅಳತೆ ಮುಗಿದ ವಾರದೊಳಗೆ ನಲ್ಲಿಯ ವಾಷರ್ ಬದಲಾಗದಿದ್ದರೆ ಮಾತ್ರ ಮಕ್ಕಳು ಕಲಿಯುವ ಪಾಠವೇ ಬೇರೆ.

ಎಲ್ಲ ಪಾಠದ ಬಾಲಕ್ಕೂ ನೀತಿ ಕಟ್ಟಬೇಡಿ. ಮೌಲ್ಯವನ್ನು ತೆಗೆದುಹಾಕಿದರೂ ಪಾಠ ಹಾಗೇ ನಡೆಯುತ್ತದೆ ಎಂದಾದರೆ ಅದು ಅಂಟಿಸಿದ ಮೌಲ್ಯ. ಕಿತ್ತುಬಿಡಿ. ಮೂರರ ಬದಲು ಎರಡೇ ಪಾಠ ಸಿಕ್ಕರೂ ನಡೆಯುತ್ತದೆ.

ಆರು ವಾರದ ಪಿರಿಯಡ್‌ಗಳನ್ನು ಹೀಗೆ ನಡೆಸಬಹುದು: ಮೊದಲ ವಾರ ಕಥೆ, ಎರಡನೆಯದು ಅದನ್ನೇ ಆಡಿ ತೋರಿಸುವುದು, ಮೂರು ಮತ್ತು ನಾಲ್ಕು ಕೈಕೆಲಸ, ಐದನೆಯದು ಬಿಕ್ಕಟ್ಟಿನ ಪ್ರಶ್ನೆ (ಸತ್ಯ ಹೇಳಿದರೆ ಗೆಳತಿಗೆ ಏಟು ಬೀಳುತ್ತದೆ, ಏನು ಮಾಡ್ತಿ?), ಆರನೆಯದು ಹಿಂದಿರುಗಿ ನೋಡುವುದು. ಐದನೇ ವಾರವನ್ನೇ ಶಿಕ್ಷಕರು ಬಿಟ್ಟುಬಿಡುವುದು ಜಾಸ್ತಿ, ಯಾಕೆಂದರೆ ಅದಕ್ಕೆ ಸಿದ್ಧ ಉತ್ತರವಿಲ್ಲ. ಬಿಡಬೇಡಿ. ಮೊದಲ ವರ್ಷ ಜೂನ್‌ನಿಂದ ದಸರಾ ರಜೆವರೆಗೆ ಎರಡೇ ಮೌಲ್ಯ ನಡೆಸಿ, ರಜೆಯಲ್ಲಿ ಹಾಳೆ ತಿದ್ದಿ, ಆಮೇಲೆ ಉಳಿದ ಮೂರಕ್ಕೆ ಕೈ ಹಾಕಿ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಹತ್ತರಲ್ಲಿ ಒಂಬತ್ತು ಮಕ್ಕಳು ಲಿಂಗಾಯತ, ಮುಸ್ಲಿಂ, ಹಾಲುಮತದ ಮನೆಗಳವರು. ಯೇಸುವಿನ ಕಥೆ ಹೇಳಿದರೆ ಮತಾಂತರದ ಮಾತು ಬರುತ್ತದೆ, ಹೇಳದಿದ್ದರೆ ಕಥೋಲಿಕ ಶಾಲೆ ಅನ್ನಿಸಿಕೊಳ್ಳುವುದು ಹೇಗೆ? (ಶಿಕ್ಷಕ, ಬಾಗಲಕೋಟೆ ಜಿಲ್ಲೆ)

ಧರ್ಮೋಪದೇಶ (ಕಥೋಲಿಕ ಮಕ್ಕಳಿಗೆ ತಮ್ಮ ನಂಬಿಕೆಯ ಪಾಠ), ಪ್ರಾರ್ಥನೆ, ಮೌಲ್ಯಪಾಠ ಮೂರೂ ಬೇರೆ ಬೇರೆ. ಬಹಳಷ್ಟು ತಂಟೆ ಇವು ಒಂದೇ ಪಿರಿಯಡ್‌ನಲ್ಲಿ ಕಲಸಿಹೋಗುವುದರಿಂದ ಹುಟ್ಟುತ್ತದೆ.

ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. ಸರ್ಕಾರದ ಮಾನ್ಯತೆ ಅಥವಾ ಹಣ ಪಡೆಯುವ ಶಾಲೆಯಲ್ಲಿ ಒಪ್ಪಿಗೆ ಇಲ್ಲದವರನ್ನು ಧಾರ್ಮಿಕ ಬೋಧನೆಗಾಗಲಿ ಪೂಜೆಗಾಗಲಿ ಕೂರಿಸುವಂತಿಲ್ಲ ಎಂದು 28(3)ನೇ ವಿಧಿ ಹೇಳುತ್ತದೆ. ಚಿಕ್ಕ ಮಕ್ಕಳಾದರೆ ಪಾಲಕರ ಒಪ್ಪಿಗೆ ಬೇಕು. ಇದು ಬರೀ ಕಾನೂನಿನ ಕಟ್ಟಳೆಯಲ್ಲ. ನಂಬಿಕೆಯನ್ನು ಬಲವಂತದಿಂದ ಹೇರಬಾರದೆಂದು ಜಗತ್ತಿನ ಕಥೋಲಿಕ ಬಿಷಪ್ಪರು ಕೂಡಿದ ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಸಾರಿದೆ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ (ಬಿಷಪ್ಪರ) ಮಂಡಳಿ 2024ರಲ್ಲಿ ಶಾಲೆಗಳಿಗೆ ಕೊಟ್ಟ ಮಾರ್ಗಸೂಚಿಯೂ ಬೇರೆ ಧರ್ಮದ ಮಕ್ಕಳ ಮೇಲೆ ನಮ್ಮ ಆಚರಣೆ ಹೇರಬೇಡಿ, ಬೆಳಗಿನ ಸಭೆಯಲ್ಲಿ ಸಂವಿಧಾನದ ಪ್ರಸ್ತಾವನೆ ಓದಿಸಿ ಎನ್ನುತ್ತದೆ. ಆ ಪ್ರಸ್ತಾವನೆಯಲ್ಲಿ 'ವ್ಯಕ್ತಿ ಗೌರವ' ಎಂಬ ಮಾತಿದೆ. ನಿಮ್ಮ ಮೊದಲ ಮೌಲ್ಯವಾದ ಘನತೆಗೆ ಎಲ್ಲ ಮನೆಯವರೂ ಒಪ್ಪುವ ಬಾಗಿಲು ಅದು.

ಜಾರಿಗೆ ತರುವುದು ಹೀಗೆ. ಕಥೋಲಿಕ ಮಕ್ಕಳ ಧರ್ಮೋಪದೇಶವನ್ನು ಭಾನುವಾರದ ಬಲಿಪೂಜೆಯ (ಚರ್ಚಿನ ಪೂಜೆಯ) ನಂತರ ಅಥವಾ ಶಾಲೆಯ ಗಂಟೆಯ ಹೊರಗೆ ಇಡಿ. ಶಾಲೆಯ ವೇಳೆಯಲ್ಲೇ ಇಡಬೇಕಾದರೆ ಉಳಿದ ಮಕ್ಕಳಿಗೆ ಅಷ್ಟೇ ತೂಕದ ಕೆಲಸ ಕೊಡಿ. ಅವರನ್ನು ಆಟಕ್ಕೆ ಬಿಟ್ಟರೆ ಕಥೋಲಿಕ ಮಕ್ಕಳಿಗೆ ಧರ್ಮೋಪದೇಶವೇ ಶಿಕ್ಷೆಯಾಗುತ್ತದೆ, ಸುಮ್ಮನೆ ಕೂರಿಸಿದರೆ ಆ ಉಳಿದ ಮಕ್ಕಳಿಗೆ ತಾವು ಹೊರಗಿನವರೆನ್ನಿಸುತ್ತದೆ. ಪ್ರವೇಶದ ದಿನವೇ ಒಂದು ಪುಟದ ಪತ್ರ ಕೊಡಿ. ಮೌಲ್ಯಪಾಠದಲ್ಲಿ ಏನಿದೆ, ಏನಿಲ್ಲ, ಧರ್ಮೋಪದೇಶ ಯಾರಿಗೆ ಮತ್ತು ಯಾವಾಗ ಎಂಬುದು ಅದರಲ್ಲಿರಲಿ, ಕೆಳಗೆ ಸಹಿಗೆ ಜಾಗವಿರಲಿ. ಓದಲು ಬಾರದ ಪಾಲಕರಿಗೆ ಓದಿ ಹೇಳಿ.

ಹಾಗಂತ ಶುಭಸಂದೇಶದ, ಅಂದರೆ ಬೈಬಲಿನಲ್ಲಿ ಯೇಸುವಿನ ಬಾಳನ್ನು ಹೇಳುವ ಭಾಗದ, ಕಥೆಗಳನ್ನು ಬಚ್ಚಿಡಬೇಕಿಲ್ಲ. ಲೂಕನ ಶುಭಸಂದೇಶದ ಹತ್ತನೇ ಅಧ್ಯಾಯದಲ್ಲಿ ಯೇಸು ಹೇಳಿದ ಕಥೆಯನ್ನೇ ನೋಡಿ. ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನನ್ನು ಯಾಜಕ (ಪೂಜಾರಿ) ಮತ್ತು ಲೇವಿಯ (ದೇವಾಲಯದ ಸೇವಕ) ದಾಟಿಹೋಗುತ್ತಾರೆ, ಎತ್ತಿಕೊಳ್ಳುವವನು ಕೇಳುಗರು ದೂರವಿಟ್ಟಿದ್ದ ಪಂಗಡದ ಸಮಾರಿಯದವನು. ಬೇರೆ ಬೇರೆ ಮನೆಗಳ ಮಕ್ಕಳಿರುವ ತರಗತಿಗೆ ಇದಕ್ಕಿಂತ ಒಳ್ಳೆಯ ಕಥೆ ಸಿಗುವುದು ಕಷ್ಟ. ಹೇಳಿ ಮುಗಿಸಿ 'ಅವನಿಗೆ ನೆರೆಯವನಾದವನು ಯಾರು?' ಎಂದು ಮಾತ್ರ ಕೇಳಿ. ಕೂಡಲಸಂಗಮ ಇರುವ ಜಿಲ್ಲೆಯಲ್ಲಿ ದಾಸೋಹ, ಕಾಯಕ ಎಂಬ ಮಾತುಗಳನ್ನು ಮಕ್ಕಳು ಮನೆಯಿಂದಲೇ ತಂದಿರುತ್ತಾರೆ. ಹಂಚಿಕೆಯ ಪಾಠದಲ್ಲಿ ಅವರೇ ಅದನ್ನು ಎತ್ತಲಿ. ಪ್ರತಿ ಪಾಠದ ಕೊನೆಗೂ 'ಎಲ್ಲ ಧರ್ಮ ಹೇಳುವುದೂ ಒಂದೇ' ಎಂದು ಮುಚ್ಚಬೇಡಿ. ಅದರಿಂದ ಯಾವ ಧರ್ಮದ ರುಚಿಯೂ ಉಳಿಯುವುದಿಲ್ಲ.

ಪಂಚಾಂಗವನ್ನೂ ಬಳಸಿಕೊಳ್ಳಿ. 2026ರಲ್ಲಿ ಬೂದಿ ಬುಧವಾರ (ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ ಶುರುವಾಗುವ ದಿನ) ಫೆಬ್ರುವರಿ 18ಕ್ಕೆ ಬಂತು, ರಂಜಾನ್ ಉಪವಾಸವೂ ಅದೇ ವಾರ ಶುರುವಾಯಿತು. ಹಂಚಿಕೆಯ ಆರು ವಾರವನ್ನು ಅಂಥ ಕಡೆ ಇಟ್ಟರೆ ಉಪವಾಸವೆಂದರೇನು ಎಂದು ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ.

ಪ್ರಶ್ನೆ: ಮೌಲ್ಯಪಾಠಕ್ಕೆ ಅಂಕ ಕೊಡಬೇಕೆ? 'ತಿಂಗಳ ಉತ್ತಮ ಮಗು' ಬಹುಮಾನ ಶುರು ಮಾಡಿದ್ದೇವೆ, ಆದರೆ ಅದೇ ನಾಲ್ಕು ಮಕ್ಕಳಿಗೆ ಹೋಗುತ್ತಿದೆ. (ಶಿಕ್ಷಕಿ, ವಿಜಯಪುರ)

ಅಂಕ ಬೇಡ. 'ಕರುಣೆ: 25ಕ್ಕೆ 17' ಎಂದರೆ ಏನರ್ಥ? ಲಿಖಿತ ಪರೀಕ್ಷೆ ಇಟ್ಟರೆ ಸುಳ್ಳು ಹೇಳಬಾರದೆಂದು ಅಂದವಾಗಿ ಬರೆಯಲು ಬರುವ ಮಗು ಗೆಲ್ಲುತ್ತದೆ.

ಬಹುಮಾನವನ್ನೂ ನಿಲ್ಲಿಸಿ. ಮಾತು ಚೆನ್ನಾಗಿರುವ, ಮುಂದಿನ ಬೆಂಚಿನ ಮಕ್ಕಳೇ ಶಿಕ್ಷಕರ ಕಣ್ಣಿಗೆ ಬೀಳುತ್ತಾರೆ. ಹಾಗಾಗಿ ನಿಮ್ಮ ನಾಲ್ವರಲ್ಲಿ ಅಚ್ಚರಿಯೇನಿಲ್ಲ. ಸಿಕ್ಕ ವಸ್ತು ತಂದುಕೊಟ್ಟವರಿಗೆ ಸ್ಟಾರ್ ಇಟ್ಟ ಕಡೆ ಮಕ್ಕಳು ತಮ್ಮದೇ ರಬ್ಬರ್ ತಂದು 'ಸಿಕ್ತು' ಅನ್ನುವುದುಂಟು. ಪ್ರಾಮಾಣಿಕತೆಗೆ ಇಟ್ಟ ಬಹುಮಾನವೇ ಸುಳ್ಳು ಕಲಿಸಿದಂತಾಯಿತು.

ಬದಲಿಗೆ ನೋಟದ ವಹಿ ಇಡಿ. ತರಗತಿಯಲ್ಲಿ 40 ಮಕ್ಕಳಿದ್ದರೆ ವಾರಕ್ಕೆ ಐವರ ಮೇಲೆ ಕಣ್ಣಿಡಿ, ಎಂಟು ವಾರಕ್ಕೆ ಒಂದು ಸುತ್ತು ಮುಗಿಯುತ್ತದೆ. ಆ ಐವರು ಯಾರೆಂದು ಮಕ್ಕಳಿಗೆ ತಿಳಿಯಬಾರದು. ಒಬ್ಬೊಬ್ಬರಿಗೆ ಎರಡೇ ವಾಕ್ಯ, ಅದೂ ನಡೆದದ್ದು ಮಾತ್ರ. 'ಒಳ್ಳೆಯ ಹುಡುಗಿ, ಸಹಕಾರ ಮನೋಭಾವ' ಎಂದು ಬರೆದರೆ ಉಪಯೋಗವಿಲ್ಲ. 'ಮಂಗಳವಾರ ಊಟದ ಸರದಿಯಲ್ಲಿ ಒಂದನೇ ತರಗತಿಯವನ ತಾಟು ಬಿದ್ದಾಗ ತಾನೇ ಹೋಗಿ ಎತ್ತಿದಳು' ಎಂದು ಬರೆದರೆ ಪಾಲಕರ ಸಭೆಯಲ್ಲಿ ಓದಬಹುದು. ವರ್ಷಕ್ಕೆ ಮೂರು ಸುತ್ತು ಮುಗಿದರೆ ಪ್ರತಿ ಮಗುವಿಗೆ ಆರು ವಾಕ್ಯ. ಪ್ರಗತಿಪತ್ರಕ್ಕೆ ಅಷ್ಟು ಸಾಕು. ಏನೂ ಬರೆಯಲಾಗದೆ ಖಾಲಿ ಉಳಿದ ಹೆಸರುಗಳನ್ನು ಗುರುತು ಮಾಡಿಕೊಳ್ಳಿ. ಅವು ನೀವು ನೋಡದೇ ಬಿಟ್ಟ ಮಕ್ಕಳ ಹೆಸರು.

ಪ್ರಶ್ನೆ: ಒಂದೇ ತರಗತಿಯಲ್ಲಿ ಕನ್ನಡ, ಮರಾಠಿ, ಕೊಂಕಣಿ, ಉರ್ದು ಮನೆಮಾತಿನವರಿದ್ದಾರೆ. ಮೌಲ್ಯಪಾಠ ಯಾವ ಭಾಷೆಯಲ್ಲಿ? (ಶಿಕ್ಷಕಿ, ಬೆಳಗಾವಿ ಕ್ಯಾಂಪ್)

ಬರವಣಿಗೆ ಶಾಲೆಯ ಮಾಧ್ಯಮದಲ್ಲಿರಲಿ. ಮಾತು ಮಗುವಿಗೆ ಯಾವುದರಲ್ಲಿ ಬರುತ್ತದೋ ಅದರಲ್ಲಿ. ಜಗಳವನ್ನು ಪರಭಾಷೆಯಲ್ಲಿ ವಿವರಿಸು ಎಂದರೆ ಮಗು ಅರ್ಧ ಹೇಳಿ ಸುಮ್ಮನಾಗುತ್ತದೆ, ನ್ಯಾಯ ಮಾತು ಬಲ್ಲವನ ಕಡೆ ವಾಲುತ್ತದೆ. ಪ್ರತಿ ಮೌಲ್ಯದ ಮೊದಲ ವಾರ ಆ ಪದವನ್ನು ಎಲ್ಲ ಮನೆಮಾತುಗಳಲ್ಲಿ ಕೇಳಿ ಹಲಗೆಯ ಮೇಲೆ ಬರೆಯಿರಿ: ಕ್ಷಮೆ, ಕ್ಷಮಾ, ಭೊಗ್ಸಾಣೆ, ಮಾಫಿ. ಮನೆಯಲ್ಲಿ ಅದನ್ನು ಯಾವಾಗ ಬಳಸುತ್ತಾರೆ ಎಂಬುದೇ ಆ ದಿನದ ಪಾಠ.

ಪ್ರಶ್ನೆ: ಮಗಳ ಶಾಲೆಯಲ್ಲಿ ಕರುಣೆಯ ಪಾಠ ನಡೆಯುತ್ತದೆ, ಫೀ ಬಾಕಿ ಇರುವ ಮಕ್ಕಳ ಹೆಸರನ್ನು ಬೆಳಗಿನ ಸಭೆಯಲ್ಲಿ ಓದುತ್ತಾರೆ. ಇದಕ್ಕೇನು ಹೇಳುತ್ತೀರಿ? (ಪಾಲಕರು, ಗೋಕಾಕ ತಾಲೂಕು)

ಮಕ್ಕಳು ಕಲಿಯುವುದು ಎರಡನೆಯದನ್ನೇ. ಪಠ್ಯಕ್ರಮ ಬರೆಯುವ ಮೊದಲು ಶಾಲೆ ತನ್ನ ನಡೆಯನ್ನು ತಪಾಸಣೆ ಮಾಡಿಕೊಳ್ಳಬೇಕೆನ್ನುವುದು ಇದಕ್ಕೇ. ಜನವರಿಯಲ್ಲಿ ಒಂದು ವಾರ ಸಾಕು. ಇಬ್ಬರು ಶಿಕ್ಷಕರು, ಇಬ್ಬರು ಪಾಲಕರು ಕೂಡಿ ಕೆಲವು ಜಾಗಗಳನ್ನು ನೋಡಬೇಕು.

ಫೀ ಬಾಕಿ ಪತ್ರ ಮುಚ್ಚಿದ ಲಕೋಟೆಯಲ್ಲಿ ಪಾಲಕರಿಗೇ ಹೋಗಬೇಕು, ಮಗುವಿನ ಕಿವಿಗೂ ಬೀಳಬಾರದು. ಬಿಸಿಯೂಟವಿರುವ ಶಾಲೆಯಲ್ಲಿ ಮೊಟ್ಟೆಯವರು, ಬಾಳೆಹಣ್ಣಿನವರು ಎಂದು ಎರಡು ಸಾಲು ಮಾಡಿದರೆ ಜಾತಿಯ ಸಾಲು ತಾನಾಗಿ ಕಾಣುತ್ತದೆ. ಒಂದೇ ಸಾಲು, ಒಂದೇ ಪಂಕ್ತಿ, ಬಡಿಸುವ ಜಾಗದಲ್ಲಿ ಆಯ್ಕೆ. ಶೌಚಾಲಯದ ನೀರು ಹೊರುವ ಪಾಳಿ ಯಾರ ಪಾಲಿಗೆ ಬರುತ್ತಿದೆ? ಒಂದು ತಿಂಗಳ ಹೆಸರು ಬರೆದು ನೋಡಿ. ಹೊಡೆತ, ಅಡ್ಡಹೆಸರು, ತರಗತಿಯ ಹೊರಗೆ ನಿಲ್ಲಿಸುವುದನ್ನೂ ಲೆಕ್ಕ ಹಾಕಿ. ಕ್ಷಮೆಯ ಆರು ವಾರದಲ್ಲಿ ಒಬ್ಬ ಶಿಕ್ಷಕರಾದರೂ ಮಕ್ಕಳೆದುರು 'ತಪ್ಪಾಯ್ತು' ಅನ್ನದಿದ್ದರೆ ಆ ಘಟಕ ಬರೀ ಕಾಗದದ ಮೇಲೆ ಮುಗಿದಂತೆ.

ಹಾಜರಿ ಪುಸ್ತಕವನ್ನೂ ಬಿಡಬೇಡಿ. ವಿಜಯಪುರ, ಬಾಗಲಕೋಟೆ ಕಡೆಯ ತಾಂಡಾಗಳಿಂದ ದೀಪಾವಳಿ ಸುಮಾರಿಗೆ ಅಪ್ಪ ಅಮ್ಮ ಕಬ್ಬು ಕಡಿಯಲು ಹೊರಟರೆ ಮಕ್ಕಳೂ ಹೋಗುತ್ತಾರೆ. ಹೆಸರು ಹೊಡೆದು ಹಾಕುವುದು ಸುಲಭ. ಹೆಸರು ಉಳಿಸಿಕೊಂಡು, ಬೆಂಚಿನಲ್ಲಿ ಜಾಗ ಹಾಗೇ ಬಿಟ್ಟು, ಹೊರಡುವ ಮುನ್ನ ಎರಡು ವಹಿ ಮತ್ತು ಓದಿನ ಪುಸ್ತಕ ಕೈಗೆ ಕೊಟ್ಟು, ಮರಳಿದಾಗ ಮೂರು ವಾರ ದಿನಕ್ಕೆ 40 ನಿಮಿಷ ಬೇರೆ ಕೂರಿಸಿ ಕಲಿಸಲು ಒಬ್ಬ ಶಿಕ್ಷಕರನ್ನು ಮೊದಲೇ ನೇಮಿಸಿ. ಆ 40 ನಿಮಿಷ ಆಟದ ಪಿರಿಯಡ್‌ನಿಂದ ಮಾತ್ರ ಕತ್ತರಿಸಬೇಡಿ.