ನಂಬರ್ ಬರೆಯೋಕೆ ಶುರು ಮಾಡಿದ್ರೆ ಫೋನ್ ಮಾಡಿ

"ಇನ್ನೊಂದು ಸಲ ಅಡ್ಮಿಟ್ ಮಾಡೋ ಹಾಗೆ ಆಗಬಾರದು ಮೇಡಂ. ಅಷ್ಟು ನೋಡ್ಕೊಂಡ್ರೆ ಸಾಕು." ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳುವ, ಇಲ್ಲದ ಅನುಮಾನ ಕಾಡುವ ಮಾನಸಿಕ ಕಾಯಿಲೆ) ಇರುವವರ ಮನೆಗಳಿಗೆ ನಮ್ಮ ಮನೆಭೇಟಿ ತಂಡದಿಂದ ಹೋದಾಗ ನನಗೆ ಜಾಸ್ತಿ ಸಿಗುವ ಮಾತು ಇದು. ಅವರ ಕಷ್ಟ ನೋಡಿದರೆ ಕೇಳುವುದು ನ್ಯಾಯವೇ. ಆದರೆ ಆಸ್ಪತ್ರೆ ತಪ್ಪಿಸಲೇಬೇಕು ಅನ್ನುವ ಹಟದಲ್ಲಿ ಮನೆಯವರು ಇವತ್ತು ನೋಡೋಣ, ನಾಳೆ ನೋಡೋಣ ಅಂತ ದಿನ ದೂಡುತ್ತಾರೆ. ಕೊನೆಗೆ ಬೀದಿಯವರೆಲ್ಲ ಸೇರಿ ಹಿಡಿದು ಗಾಡಿಗೆ ಹತ್ತಿಸುವ ಪರಿಸ್ಥಿತಿ ಬರುತ್ತದೆ. ಇದು ಒಂದು ಮನೆಯ ಕಥೆಯಲ್ಲ, ಮತ್ತೆ ಮತ್ತೆ ಬರುತ್ತಿದೆ. ಅದಕ್ಕೇ ಒಂದು ಪ್ರಕರಣ ಬರೆಯುತ್ತಿದ್ದೇನೆ. ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಮಂಜು ಅಂತ ಕರೆಯೋಣ. ಮೂವತ್ತು ದಾಟಿದವರು. ಐಟಿಐ ಮುಗಿಸಿ ಪೀಣ್ಯದಲ್ಲಿ ಲೇತ್ ಕೆಲಸ ಮಾಡುತ್ತಿದ್ದರು. ಅಣ್ಣ, ಅತ್ತಿಗೆ, ತಾಯಿಯ ಜೊತೆ ಇದ್ದಾರೆ. ಕಾಯಿಲೆ ಶುರುವಾಗಿ ವರ್ಷಗಳೇ ಆಗಿವೆ. ಪ್ರತಿಸಲವೂ ಒಂದೇ ಕಥೆ. ಆಸ್ಪತ್ರೆ ಸೇರುತ್ತಾರೆ, ಸುಧಾರಿಸುತ್ತಾರೆ, ಮನೆಗೆ ಬಂದು ಕೆಲವು ತಿಂಗಳಲ್ಲಿ ಮಾತ್ರೆ ಬಿಡುತ್ತಾರೆ. "ಕಾಯಿಲೆ ಇಲ್ಲ ಅಂತಾನೆ, ಅದಕ್ಕೇ ಬಿಡ್ತಾನೆ" ಅಂತ ಅಣ್ಣನ ವಿವರಣೆ. ಮಂಜು ಅವರನ್ನೇ ಕೇಳಿದರೆ ಕಾರಣ ಬೇರೆ ಇತ್ತು. ಮಾತ್ರೆಯಿಂದ ಕೈ ನಡುಗುತ್ತಿತ್ತು. "ಕೈ ನಡುಗಿದ್ರೆ ಮೈಕ್ರೋಮೀಟರ್ ಹೇಗೆ ಹಿಡೀಲಿ? ಜಾಬ್ ರಿಜೆಕ್ಟ್ ಆಗುತ್ತೆ" ಅಂದರು. ಮೈಕ್ರೋಮೀಟರ್ ಅಂದರೆ ಸೂಕ್ಷ್ಮ ಅಳತೆಯ ಸಾಧನ, ಜಾಬ್ ಅಂದರೆ ಲೇತ್‌ನಲ್ಲಿ ಮಾಡಿದ ಬಿಡಿಭಾಗ. ಈ ಕಾಯಿಲೆಯ ಕೆಲವು ಔಷಧಿಗಳಿಂದ ನಡುಕ ಬರುವುದು ಡಾಕ್ಟರಿಗೆ ಗೊತ್ತಿರುವ ವಿಷಯ. ಡೋಸ್ ಇಳಿಸಬಹುದು, ಔಷಧಿ ಬದಲಿಸಬಹುದು. ಆದರೆ ಓಪಿಡಿಯಲ್ಲಿ "ಹೇಗಿದ್ದಾನೆ?" ಅನ್ನುವ ಪ್ರಶ್ನೆ ಅಣ್ಣನಿಗೆ ಹೋಗುತ್ತಿತ್ತು, "ಪರವಾಗಿಲ್ಲ ಸಾರ್" ಅನ್ನುವ ಉತ್ತರವೂ ಅಣ್ಣನಿಂದಲೇ ಬರುತ್ತಿತ್ತು.

ಅತ್ತಿಗೆ ಗಾರ್ಮೆಂಟ್ಸ್‌ಗೆ ಹೋಗುವವರು. ಹಾಗಾಗಿ ಒಂದು ಭಾನುವಾರ ಅವರ ಮನೆಗೆ ಹೋದೆ. ಅಣ್ಣ ಎದುರಿಗೆ ಕೂತರು, ಮಂಜು ಬಾಗಿಲ ಹತ್ತಿರ ಸ್ಟೂಲ್ ಮೇಲೆ. ಅತ್ತಿಗೆ ಒಲೆ ಮುಂದೆ. ಎಲ್ಲ ಮನೆಯಲ್ಲೂ ಕೇಳುವ ಪ್ರಶ್ನೆಯನ್ನೇ ಕೇಳಿದೆ. ಕಾಯಿಲೆ ಜಾಸ್ತಿ ಆಗುವ ಮುಂಚೆ ಮೊದಲು ಏನು ಬದಲಾಗುತ್ತೆ?

"ಏನೂ ಇಲ್ಲ ಮೇಡಂ. ಚೆನ್ನಾಗೇ ಇರ್ತಾನೆ. ಇದ್ದಕ್ಕಿದ್ದಂಗೆ ಒಂದಿನ ಶುರು ಹಚ್ಕೋತಾನೆ" ಅಂದರು ಅಣ್ಣ.

"ಇದ್ದಕ್ಕಿದ್ದಂಗೆ ಏನಲ್ಲ" ಅಂತ ಅಡುಗೆಮನೆಯಿಂದ ದನಿ ಬಂತು. "ಮೊದ್ಲು ನಂಬರ್ ಬರೀತಾರೆ."

ಅಣ್ಣ "ನೀನು ಸುಮ್ನಿರೆ" ಅಂದರು. ಅತ್ತಿಗೆ ಸುಮ್ಮನಿರಲಿಲ್ಲ. ಕೈ ಒರೆಸಿಕೊಂಡು ಹೋಗಿ, ಬೀರು ಮೇಲಿಂದ ಹಳೇ ಕ್ಯಾಲೆಂಡರ್ ಹಾಳೆಗಳ ಒಂದು ಸುರುಳಿ ತಂದರು. ಹಿಂಬದಿ ತುಂಬ ಗಾಡಿ ನಂಬರ್‌ಗಳು. ಕೆಎ 02, ಕೆಎ 04, ಕೆಎ 41. ಪಕ್ಕದಲ್ಲಿ ಟೈಮ್. ಮೊದಲ ಹಾಳೆಯಲ್ಲಿ ಅಕ್ಷರ ಸಾಲಾಗಿ, ಅಚ್ಚುಕಟ್ಟಾಗಿತ್ತು. ಕೊನೆಯ ಹಾಳೆಯಲ್ಲಿ ಒಂದರ ಮೇಲೊಂದು ಬರೆದು ಏನೂ ಓದೋಕಾಗದ ಹಾಗಿತ್ತು.

"ಇದು ಶುರುವಾಗಿ ಹದಿನೈದು ದಿನ, ಇಪ್ಪತ್ತು ದಿನಕ್ಕೆ ಗಲಾಟೆ ಆಗುತ್ತೆ. ಪ್ರತಿಸಲಾನೂ. ನನ್ನ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ಮಂಜು ಅವರ ಕಡೆ ತಿರುಗಿ, ಯಾಕೆ ಬರೀತೀರಿ ಅಂತ ಕೇಳಿದೆ. "ಯಾರು ಎಷ್ಟು ಸಲ ಬಂದ್ರು ಅಂತ ಲೆಕ್ಕ ಇರ್ಲಿ ಅಂತ." ಆಗ ನಿದ್ದೆ ಬರುತ್ತಾ? "ಇಲ್ಲ. ರಾತ್ರಿ ಗಾಡಿ ಜಾಸ್ತಿ." ಸ್ವಲ್ಪ ಹೊತ್ತು ಬಿಟ್ಟು, ಯಾರೂ ಕೇಳದೆ, ಅಣ್ಣನ ಮುಖ ನೋಡಿಕೊಂಡು ಒಂದು ಮಾತು ಹೇಳಿದರು. "ಆವಾಗ್ಲೇ ಕರೆದಿದ್ರೆ ನಾನೇ ಬರ್ತಿದ್ದೆ. ನೀನು ಕೊನೇಲಿ ಬರ್ತೀಯ. ನಾಲ್ಕು ಜನರನ್ನ ಕರ್ಕೊಂಡು ಬರ್ತೀಯ."

ನಾನು ಕೊಟ್ಟ ಸಲಹೆ ಪೂರ್ತಿ ಈ ಮಾತಿನ ಮೇಲೇ ನಿಂತಿದೆ. ಓಪಿಡಿ ಬುಕ್ಕಿನ ಹಿಂಬದಿಯಲ್ಲಿ ಎಲ್ಲರೂ ಸೇರಿ ಬರೆದೆವು. ನಂಬರ್ ಬರೆಯೋಕೆ ಶುರು ಮಾಡಿದರೆ, ಅಥವಾ ಎರಡು ರಾತ್ರಿ ನಿದ್ದೆ ಇಲ್ಲದಿದ್ದರೆ, ಅತ್ತಿಗೆ ನಮಗೆ ಫೋನ್ ಮಾಡಬೇಕು. ಅಣ್ಣ ಅಲ್ಲ, ಅತ್ತಿಗೆ. ನಂಬರ್ ಯಾಕೆ, ಹಾಳೆ ಹರಿದು ಹಾಕು ಅಂತ ಯಾರೂ ವಾದಕ್ಕೆ ಇಳಿಯಬಾರದು. ಮಾರನೇ ದಿನ ಓಪಿಡಿ. ಸೇರಿಸಿಕೊಳ್ಳಬೇಕು ಅಂತ ಡಾಕ್ಟರ್ ಹೇಳಿದರೆ ಆಗಲೇ ಸೇರುವುದು. ಮಂಜು ತಮ್ಮ ಷರತ್ತು ಸೇರಿಸಿದರು: ಆಟೋದಲ್ಲಿ ಹೋಗೋದು, ಅಣ್ಣ ಒಬ್ಬರೇ ಜೊತೆಗೆ, ಕೈ ಕಟ್ಟಬಾರದು, ಓನರಿಗೆ ಜಾಂಡೀಸ್ ಅಂತ ಹೇಳಬೇಕು. ಕೊನೆಯದಕ್ಕೆ ನಗು ಬಂತು. ಆದರೂ ಬರೆದುಕೊಂಡೆ.

ಇದೇನು ನಾನು ಕಂಡುಹಿಡಿದ ಉಪಾಯವಲ್ಲ. ತನಗೆ ಎಂಥ ಚಿಕಿತ್ಸೆ ಬೇಕು, ಎಂಥದ್ದು ಬೇಡ, ತನ್ನ ಪರವಾಗಿ ಯಾರು ಮಾತಾಡಬೇಕು ಅಂತ ಚೆನ್ನಾಗಿರುವಾಗಲೇ ಬರೆದಿಡುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟಿದೆ. ಅದನ್ನು ಮುಂಗಡ ನಿರ್ದೇಶನ ಅನ್ನುತ್ತಾರೆ. ನಾವು ಬರೆದದ್ದು ಮನೆಮಟ್ಟಿನ ಒಪ್ಪಂದ ಅಷ್ಟೇ. ಕಾನೂನಿನ ಪ್ರಕಾರ ಮಾಡಿಸುವ ದಾರಿಯನ್ನೂ ಹೇಳಿದ್ದೇನೆ. ಅದೇ ಕಾಯ್ದೆಯಲ್ಲಿ ವ್ಯಕ್ತಿ ತಾನೇ ಒಪ್ಪಿ, ತಾನೇ ಅರ್ಜಿ ಕೊಟ್ಟು ಆಸ್ಪತ್ರೆ ಸೇರಲು ಅವಕಾಶ ಇದೆ. ಹಾಗೆ ಸೇರಿದವರಿಗೂ ಹಿಡಿದು ತಂದವರಿಗೂ ವಾರ್ಡಿನಲ್ಲೇ ವ್ಯತ್ಯಾಸ ಕಾಣುತ್ತದೆ. ಹೊರಗೆ ಬಂದ ಮೇಲೆ ಇನ್ನೂ ಜಾಸ್ತಿ ಕಾಣುತ್ತದೆ. ಒಬ್ಬರಿಗೆ ಮನೆಯವರ ಮೇಲೆ ನಂಬಿಕೆ ಉಳಿದಿರುತ್ತದೆ, ಇನ್ನೊಬ್ಬರಿಗೆ ಇರುವುದಿಲ್ಲ. ಮಾತ್ರೆ ಯಾರ ಕೈಯಿಂದ ತಗೋತಾರೆ ಅನ್ನುವುದು ಅಲ್ಲೇ ತೀರ್ಮಾನ ಆಗುತ್ತದೆ.

ಕೈ ನಡುಕದ ವಿಷಯ ಮಂಜು ಅವರೇ ಡಾಕ್ಟರಿಗೆ ಹೇಳಿದರು. ಔಷಧಿ ಬದಲಾಯಿತು. ತಿಂಗಳಿಗೊಮ್ಮೆ ಹಾಕುವ ಇಂಜೆಕ್ಷನ್ ಬಗ್ಗೆಯೂ ಮಾತು ಬಂತು. ಯೋಚನೆ ಮಾಡ್ತೀನಿ ಅಂದರು. ಮಾಡಲಿ.

ಕೆಲವು ತಿಂಗಳ ನಂತರ ಅತ್ತಿಗೆಯಿಂದ ಫೋನ್ ಬಂತು. ನಂಬರ್ ಶುರುವಾಗಿತ್ತು. ಮಂಜು ಆಟೋದಲ್ಲಿ ಬಂದರು, ತಾವೇ ಸಹಿ ಹಾಕಿ ಸೇರಿದರು. ಹಿಂದೆಲ್ಲ ತಿಂಗಳು ದಾಟುತ್ತಿತ್ತು, ಈ ಸಲ ಎರಡು ವಾರದೊಳಗೆ ಮನೆಗೆ ಹೋದರು.

ನಮ್ಮ ಪರಿಶೀಲನಾ ಸಭೆಯಲ್ಲಿ ಒಬ್ಬರು ಕೇಳಿದರು: "ಇಷ್ಟೆಲ್ಲ ಮನೆಭೇಟಿ ಮಾಡಿಯೂ ಅಡ್ಮಿಷನ್ ತಪ್ಪಲಿಲ್ಲವಲ್ಲ?" ವರದಿಯ ಕಾಲಂನಲ್ಲಿ ಇದು ಸೋಲು ಅಂತಲೇ ಕಾಣುತ್ತದೆ. ನಾನು ಒಪ್ಪುವುದಿಲ್ಲ. ಸಕ್ಕರೆ ಕಾಯಿಲೆಯವರು ನಾಲ್ಕು ದಿನ ಆಸ್ಪತ್ರೆ ಸೇರಿದರೆ ಮನೆಯಲ್ಲಿ ನೋಡಿಕೊಂಡಿದ್ದೆಲ್ಲ ದಂಡ ಅಂತ ಯಾರಾದರೂ ಹೇಳುತ್ತಾರಾ?

ಮನೆಭೇಟಿಯಿಂದ ಆಸ್ಪತ್ರೆ ದಿನಗಳು ಕಡಿಮೆ ಆಗುತ್ತವೆ ಅನ್ನುವುದು ಸುಳ್ಳಲ್ಲ. ಅಮೆರಿಕದ ಮ್ಯಾಡಿಸನ್‌ನಲ್ಲಿ ಸ್ಟೈನ್ ಮತ್ತು ಟೆಸ್ಟ್ ಅನ್ನುವವರು 1970ರ ದಶಕದಲ್ಲಿ ಇದನ್ನು ಮಾಡಿ ತೋರಿಸಿದರು. ಆಸ್ಪತ್ರೆಗೆ ಬಂದವರನ್ನು ಮನೆ, ಕೆಲಸದ ಜಾಗದಲ್ಲೇ ಒಂದು ತಂಡ ಹಗಲು ರಾತ್ರಿ ನೋಡಿಕೊಂಡಿತು. ಆಸ್ಪತ್ರೆ ಸೇರುವುದು ತುಂಬ ಇಳಿಯಿತು. ಆ ತಂಡದ ಬೆಂಬಲ ನಿಂತ ಮೇಲೆ ಲಾಭದ ಬಹುಪಾಲು ಕರಗಿಹೋಯಿತು ಅನ್ನುವುದನ್ನೂ ಹೇಳಬೇಕು. 2006ರಲ್ಲಿ ಪ್ರಕಟವಾದ ಲಂಡನ್ನಿನ ಒಂದು ಅಧ್ಯಯನದಲ್ಲಿ ಇಂಥದ್ದೇ ತಂಡದಿಂದ ಆಸ್ಪತ್ರೆ ದಿನಗಳು ಇಳಿಯಲಿಲ್ಲ. ಅಲ್ಲಿ ಹೋಲಿಸಿ ನೋಡಿದ್ದು ಆಗಲೇ ಇದ್ದ ಸಮುದಾಯ ತಂಡಗಳ ಜೊತೆ. ಆದರೆ ಜನ ತಂಡದ ಸಂಪರ್ಕ ಬಿಡಲಿಲ್ಲ, ಅವರಿಗೆ ಸಮಾಧಾನವೂ ಜಾಸ್ತಿ ಇತ್ತು. ನಾನು ನೋಡುವುದು ಅದನ್ನೇ. ಆಸ್ಪತ್ರೆ ಎಷ್ಟು ಸಲ ಸೇರಿದರು ಅಂತ ಎಣಿಸುವವರು, ಹೇಗೆ ಹೋಗಿ ಸೇರಿದರು ಅನ್ನುವುದಕ್ಕೂ ಒಂದು ಕಾಲಂ ಇಡಲಿ.

ಓದುಗರಲ್ಲಿ ಇಂಥ ಮನೆಯವರು ಇದ್ದರೆ, ಮನೆಯಲ್ಲಿ ಜಾಸ್ತಿ ಹೊತ್ತು ಇರುವವರನ್ನು, ಕಡಿಮೆ ಮಾತಾಡುವವರನ್ನು ಕೇಳಿ. ಮೊದಲ ಬದಲಾವಣೆ ಅವರಿಗೆ ಗೊತ್ತಿರುತ್ತದೆ. ಒಬ್ಬರು ಸ್ನಾನ ಬಿಡುತ್ತಾರೆ, ಇನ್ನೊಬ್ಬರು ಟೀವಿ ಆಫ್ ಮಾಡಿಸುತ್ತಾರೆ, ಮತ್ತೊಬ್ಬರು ಮನೆಯ ಊಟ ಬೇಡ ಅನ್ನುತ್ತಾರೆ. ಮನೆಗೆ ಬರುವ ತಂಡ ಎಲ್ಲರಿಗೂ ಸಿಗುವುದಿಲ್ಲ, ನಿಜ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಊರಲ್ಲಿರುವವರು ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ಕಾಯಿಲೆ ನೋಡುವ ಮನೋಚೈತನ್ಯ ಕ್ಲಿನಿಕ್ ಯಾವ ದಿನ ಅಂತ ವಿಚಾರಿಸಿ. ಇನ್ನೊಂದು ಮಾತು. ದಿನಾ ಬೆಳಗಾದರೆ "ಮಾತ್ರೆ ತಗೊಂಡ್ಯಾ?" ಒಂದನ್ನೇ ಕೇಳಬೇಡಿ. ಬೇರೆ ಏನಾದರೂ ಮಾತಾಡಿ.

ಮಂಜು ಅವರ ಅಣ್ಣನಿಗೆ ಈ ಏರ್ಪಾಡು ಇನ್ನೂ ಪೂರ್ತಿ ಒಪ್ಪಿಗೆಯಿಲ್ಲ. "ನಾಲ್ಕು ನಂಬರ್ ಬರೆದ ಅಂತ ಕೆಲಸ ಬಿಟ್ಟು ಓಡಬೇಕಾ?" ಅನ್ನುತ್ತಾರೆ. ಆಸ್ಪತ್ರೆಗೆ ಹೋದ ದಿನ ಅವರಿಗೂ ಸಂಬಳ ಇಲ್ಲ, ಅತ್ತಿಗೆಗೂ ಇಲ್ಲ. ಆ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಯಾವ ಸಲ ಯಾರು ರಜೆ ಹಾಕುವುದು ಅಂತ ಮುಂದಿನ ಭೇಟಿಯಲ್ಲಿ ಕೂತು ಮಾತಾಡಬೇಕು.