ಹೊಸದಾಗಿ ಓಡಲು ಶುರು ಮಾಡಿದವರು ವಾರಕ್ಕೆ ಎಷ್ಟು ದಿನ ಓಡಬೇಕು? ಎಷ್ಟು ವೇಗ ಸಾಕು?

ನಿಮ್ಮ ಪ್ರಶ್ನೆ ಇಷ್ಟು: ವಯಸ್ಸು 34, ಊರು ದಾವಣಗೆರೆ, ಒಂದು ತಿಂಗಳಿಂದ ದಿನಾ ಬೆಳಿಗ್ಗೆ ಸ್ಟೇಡಿಯಂನಲ್ಲಿ 5 ಕಿ.ಮೀ. ಓಟ, ಸುಮಾರು 30 ನಿಮಿಷದಲ್ಲಿ. ಎಂಟು-ಹತ್ತು ದಿನ ಚೆನ್ನಾಗಿ ನಡೆಯುತ್ತೆ, ಆಮೇಲೆ ಮೊಣಕಾಲಿನ ಕೆಳಗಿನ ಮೂಳೆ ನೋವು, ನಾಲ್ಕು ದಿನ ರೆಸ್ಟ್, ಮತ್ತೆ ಓಟ, ಮತ್ತೆ ಅದೇ ನೋವು. ರೆಸ್ಟ್ ಇನ್ನೂ ಹೆಚ್ಚು ತಗೋಬೇಕಾ ಅಂತ ಕೇಳಿದ್ದೀರಿ.

ಮೊದಲು ವೇಗ ಇಳಿಸಿ, ರೆಸ್ಟ್ ಲೆಕ್ಕ ಆಮೇಲೆ. ಕಿ.ಮೀ.ಗೆ 6 ನಿಮಿಷ ಅಂದರೆ ಒಂದು ತಿಂಗಳ ಓಟಗಾರನಿಗೆ ಹೆಚ್ಚುಕಮ್ಮಿ ರೇಸ್ ವೇಗ. ವಾರದ ಏಳೂ ದಿನ ರೇಸ್ ಓಡಿದರೆ ಯಾವ ಕಾಲೂ ತಡೆಯಲ್ಲ. ಉಸಿರು ಬೇಗ ಪಳಗುತ್ತೆ, ಮೂರ್ನಾಲ್ಕು ವಾರದಲ್ಲೇ ಏದುಸಿರು ಕಡಿಮೆಯಾಗಿ ಇನ್ನೂ ಓಡಬಹುದು ಅನ್ನಿಸುತ್ತೆ. ಮೂಳೆ ಮತ್ತು ಸ್ನಾಯುರಜ್ಜು ಹಾಗಲ್ಲ. ಹೊಸ ಭಾರ ಬಿದ್ದಾಗ ಮೂಳೆಯಲ್ಲಿ ಹಳೆಯ ಭಾಗ ಮೊದಲು ಕರಗುತ್ತೆ, ಹೊಸದು ಕಟ್ಟಿಕೊಳ್ಳೋದು ಆಮೇಲೆ. ಈ ಕೆಲಸಕ್ಕೆ ಮೂರು-ನಾಲ್ಕು ತಿಂಗಳು ಬೇಕು, ನಡುವೆ ಆ ಜಾಗ ಸ್ವಲ್ಪ ದುರ್ಬಲವಾಗಿಯೇ ಇರುತ್ತೆ. ನಾಲ್ಕು ದಿನದ ರೆಸ್ಟ್‌ಗೆ ನೋವು ಇಳಿಯುತ್ತೆ, ರಿಪೇರಿ ಮುಗಿದಿರಲ್ಲ. ಐದನೇ ದಿನ ಅದೇ 6 ನಿಮಿಷದ ವೇಗಕ್ಕೆ ಹೋಗ್ತೀರಿ, ಅಲ್ಲಿಗೆ ಮತ್ತೆ ಮೊದಲಿನಿಂದ.

ಮತ್ತೆ ಓಡುವ ಮುಂಚೆ ಬೆರಳಿನಿಂದ ಆ ಮೂಳೆಯ ಒಳಮಗ್ಗುಲನ್ನು ಮೇಲಿಂದ ಕೆಳಗೆ ಒತ್ತುತ್ತಾ ಬನ್ನಿ. ಒಂದು ಗೇಣಿನಷ್ಟೋ ಅರ್ಧ ಗೇಣಿನಷ್ಟೋ ಉದ್ದಕ್ಕೆ ಮಂದವಾಗಿ ನೋವಿದ್ದರೆ ಅದು ಸಾಮಾನ್ಯವಾಗಿ ಶಿನ್ ಸ್ಪ್ಲಿಂಟ್ (ಓಟದ ಭಾರಕ್ಕೆ ಆ ಮೂಳೆಯ ಅಂಚು ನೋಯೋದು), ಕೆಳಗೆ ಹೇಳೋದು ಅದಕ್ಕೆ. ಒಂದೇ ಬಿಂದುವಿನಲ್ಲಿ ಒತ್ತಿದಾಗ ಚುಚ್ಚಿದಂತಾದರೆ, ರಾತ್ರಿ ಮಲಗಿದಾಗಲೂ ನೋಯ್ತಿದ್ದರೆ, ಓಟ ನಿಲ್ಲಿಸಿ ಮೂಳೆ ಡಾಕ್ಟರ ಹತ್ತಿರ ಹೋಗಿ. ಅದು ಮೂಳೆಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕಾಗಿರಬಹುದು. ಅಂಥ ಬಿರುಕು ಮೊದಲ ಎರಡು-ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು, ಎಕ್ಸ್‌ರೇ ಸರಿಯಿದೆ ಅಂತ ಓಡಲು ಹೋಗಬೇಡಿ. ಓಡುವಾಗ ಎದೆ ನೋವು, ತಲೆ ಸುತ್ತು ಬಂದರೂ ಮೊದಲು ಡಾಕ್ಟರು, ಆಮೇಲೆ ಉಳಿದದ್ದು.

30 ನಿಮಿಷ ಚುರುಕಾಗಿ ನಡೆದರೂ ನೋವಿಲ್ಲ, ಒಂಟಿ ಕಾಲಲ್ಲಿ ಹತ್ತು ಸಲ ಕುಪ್ಪಳಿಸಿದರೂ ನೋವಿಲ್ಲ ಅಂದರೆ ಶುರು ಮಾಡಬಹುದು. ಮಂಗಳವಾರ, ಗುರುವಾರ, ಭಾನುವಾರ, ವಾರಕ್ಕೆ ಈ ಮೂರೇ ದಿನ. ಮೊದಲು 5 ನಿಮಿಷ ನಡಿಗೆ, ನಂತರ 2 ನಿಮಿಷ ಓಟ 2 ನಿಮಿಷ ನಡಿಗೆ ಆರು ಸಲ, ಕೊನೆಗೆ ಮತ್ತೆ 5 ನಿಮಿಷ ನಡಿಗೆ. ಎರಡು ವಾರ ಇದೇ. ಮೂರನೇ-ನಾಲ್ಕನೇ ವಾರ 4 ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ, ಐದು ಸಲ. ಐದು-ಆರನೇ ವಾರ 8 ನಿಮಿಷ ಓಟ, 2 ನಿಮಿಷ ನಡಿಗೆ, ಮೂರು ಸಲ. ಆಮೇಲೆ ನಿಲ್ಲದೆ 20 ನಿಮಿಷ, ಅಲ್ಲಿಂದ ವಾರಕ್ಕೆ ಎರಡೆರಡು ನಿಮಿಷ ಸೇರಿಸುತ್ತಾ 30ಕ್ಕೆ. ಈಗಾಗಲೇ 5 ಕಿ.ಮೀ. ಓಡೋರಿಗೆ ಇದು ಬೋರು ಹೊಡೆಯುತ್ತೆ, ನಿಜ. ಆದರೆ ಈ ಲೆಕ್ಕ ಕಾಲಿಗೆ, ನಿಮ್ಮ ಉಸಿರಿಗೆ ಅಲ್ಲ.

ಈಗ ವೇಗ. ವಾಚ್‌ಗಿಂತ ಬಾಯಿ ವಾಸಿ. ಓಡುತ್ತಾ ಏಳರ ಮಗ್ಗಿ ಜೋರಾಗಿ ಹೇಳಿ. ಏಳೊಂದ್ಲಾ ಏಳು, ಏಳೆರಡ್ಲಾ ಹದಿನಾಲ್ಕು, ಏಳ್ಮೂರ್ಲಾ ಇಪ್ಪತ್ತೊಂದು: ಒಂದೇ ಉಸಿರಲ್ಲಿ ಎರಡು-ಮೂರು ಸಾಲು ಸಲೀಸಾಗಿ ಬಂದರೆ ವೇಗ ಸರಿ. 'ಏಳೆರಡ್ಲಾ' ಅಂದು ಉಸಿರೆಳೆದು 'ಹದಿನಾಲ್ಕು' ಅನ್ನಬೇಕಾದರೆ ಜಾಸ್ತಿಯಾಯ್ತು. (ಪಕ್ಕದಲ್ಲಿ ವಾಕಿಂಗ್ ಮಾಡೋರು ತಿರುಗಿ ನೋಡ್ತಾರೆ, ನೋಡಲಿ.) ನಿಮ್ಮ ಅಂಕಿ ನೋಡಿದರೆ ಇದು ಕಿ.ಮೀ.ಗೆ ಎಂಟು ನಿಮಿಷದ ಆಸುಪಾಸಿಗೆ ಬರಬೇಕು, ಎಂಟೂವರೆ ಆದರೂ ತಪ್ಪಿಲ್ಲ. 400 ಮೀಟರಿನ ಒಂದು ಸುತ್ತಿಗೆ 3 ನಿಮಿಷ 12 ಸೆಕೆಂಡ್. ಈಗ ನೀವು ಅದನ್ನು 2 ನಿಮಿಷ 24 ಸೆಕೆಂಡಿನಲ್ಲಿ ಮುಗಿಸ್ತಿದ್ದೀರಿ. 400 ಮೀಟರ್ ಅನ್ನೋದು ಒಳಗಿನ ಲೇನಿನ ಲೆಕ್ಕ. ನಡೆಯುವವರನ್ನು ತಪ್ಪಿಸಲು ಹೊರಗೆ ಸರಿದಂತೆಲ್ಲಾ ಲೇನ್ ಒಂದಕ್ಕೆ ಸುತ್ತಿಗೆ ಏಳು ಮೀಟರಿಗೂ ಹೆಚ್ಚು ಸೇರುತ್ತೆ, ಆಗ ಸಮಯ ಹೆಚ್ಚಾಯ್ತು ಅಂತ ಗಾಬರಿಯಾಗಿ ಜೋರು ಮಾಡಬೇಡಿ. ಯಾವಾಗಲೂ ಒಂದೇ ದಿಕ್ಕಿಗೆ ಸುತ್ತಿದರೆ ತಿರುವಿನ ಭಾರವೂ ಒಂದೇ ಥರ ಬೀಳುತ್ತೆ. ಜನ ಕಡಿಮೆ ಇರುವಾಗ ದಿಕ್ಕು ಬದಲಿಸಿ, ಅಥವಾ ವಾರದಲ್ಲಿ ಒಂದು ಓಟ ಕುಂದುವಾಡ ಕೆರೆಯ ಕಡೆ ಇಟ್ಟುಕೊಳ್ಳಿ.

ಕೈಗಡಿಯಾರದ ಹೃದಯ ಬಡಿತವನ್ನು ಪೂರ್ತಿ ನಂಬಬೇಡಿ. 220ರಲ್ಲಿ ವಯಸ್ಸು ಕಳೆದರೆ ನಿಮಗೆ 186, ಅದರ ಶೇ. 70-75 ಅಂದರೆ 130ರಿಂದ 140. ಆ ಸೂತ್ರದಲ್ಲೇ ಹತ್ತು-ಹನ್ನೆರಡು ಬಡಿತ ಆಚೀಚೆ ಇರುತ್ತೆ. ಜೊತೆಗೆ ಸಡಿಲವಾಗಿ ಕಟ್ಟಿದ ವಾಚು ಕೆಲವೊಮ್ಮೆ ಬಡಿತದ ಬದಲು ನಿಮ್ಮ ಹೆಜ್ಜೆಯನ್ನೇ ಎಣಿಸಿ 165 ಅಂತ ತೋರಿಸುತ್ತೆ.

ನಿಧಾನವಾಗಿ ಓಡೋಕೆ ಹೋಗಿ ಬಹಳ ಜನ ಕೆಡಿಸಿಕೊಳ್ಳೋದು ಹೆಜ್ಜೆಯಲ್ಲಿ. ವೇಗ ಇಳಿಸಿ, ಹೆಜ್ಜೆಯನ್ನು ಮಾತ್ರ ಉದ್ದಕ್ಕೇ ಹಾಕ್ತಾರೆ. ಹಿಮ್ಮಡಿ ದೇಹಕ್ಕಿಂತ ಬಹಳ ಮುಂದೆ ಹೋಗಿ ಧಪ್ ಅಂತ ಬೀಳುತ್ತೆ, ಆ ಪೆಟ್ಟು ನೇರ ನಿಮ್ಮ ನೋವಿನ ಮೂಳೆಗೆ. ಹೆಜ್ಜೆ ಚಿಕ್ಕದು ಮಾಡಿ, ಎಣಿಕೆ ಇಳಿಸಬೇಡಿ. ಬಲಗಾಲು ನೆಲಕ್ಕೆ ತಾಗುವುದನ್ನು 30 ಸೆಕೆಂಡ್ ಎಣಿಸಿ: 40ರ ಆಸುಪಾಸು ಬಂದರೆ ಸಾಕು. 35ರ ಹತ್ತಿರ ಇದ್ದರೆ ಒಂದೇ ಸಲ ಏರಿಸದೆ, ಎರಡು ವಾರಕ್ಕೆ ಎರಡರಂತೆ ಹೆಚ್ಚಿಸಿ. ಹೆಜ್ಜೆ ಸದ್ದು ಕಡಿಮೆಯಾದರೆ ಸರಿ ದಾರೀಲಿದ್ದೀರಿ.

ರೆಸ್ಟ್ ದಿನ ಮಂಚ ಬಿಡಬಾರದು ಅಂತೇನಿಲ್ಲ. ಅರ್ಧ ಗಂಟೆ ಆರಾಮಾಗಿ ನಡೆಯಿರಿ, ಸೈಕಲ್ ತುಳಿಯಿರಿ. ಬ್ಯಾಡ್ಮಿಂಟನ್ ಮಾತ್ರ ಬೇಡ. ಓಟಕ್ಕೆ ರಜೆ ಅಂತ ಸಂಜೆ ಗಂಟೆಗಟ್ಟಲೆ ಶಟಲ್ ಆಡಿದರೆ ಎಗರಾಟ, ಥಟ್ಟನೆ ನಿಲ್ಲೋದು ಎಲ್ಲಾ ಅದೇ ಮೂಳೆಯ ಮೇಲೆ. ಭಾನುವಾರ ಮನೆಯವರ ಜೊತೆ ದುರ್ಗದ ಕೋಟೆ ಹತ್ತಿ ಇಳಿದರೂ ಅಷ್ಟೇ. ಅದು ಓಟದ ದಿನದ ಲೆಕ್ಕಕ್ಕೇ ಸೇರಬೇಕು, ಸೋಮವಾರ ಪೂರ್ತಿ ಬಿಡುವು. ಇಳಿಯುವಾಗ ತೊಡೆಯ ಮುಂಭಾಗಕ್ಕೆ ಬಿದ್ದ ಏಟು ಒಂದೆರಡು ದಿನ ಬಿಟ್ಟು ಜೋರಾಗಿ ಕಾಣಿಸುತ್ತೆ. ಚಿತ್ರದುರ್ಗದಲ್ಲೇ ಇದ್ದು ಜೋಗಿಮಟ್ಟಿ ರಸ್ತೆಯ ಏರಿನಲ್ಲಿ ಓಡೋರು ಕಿ.ಮೀ. ಸಮಯ ನೋಡಲೇಬಾರದು, ಮಗ್ಗಿಯೇ ಗತಿ. ಹೇಳೋಕಾಗದಿದ್ದರೆ ನಡೆದುಬಿಡಿ.

ಓಟದ ದಿನವೇ ಸಂಜೆ, ವಾರಕ್ಕೆ ಎರಡು ಸಲ, ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲಿಟ್ಟು ನಿಂತು ಹಿಮ್ಮಡಿ ಎತ್ತಿ ಇಳಿಸಿ. ಮಂಡಿ ನೇರವಾಗಿಟ್ಟು 15 ಸಲ ಮೂರು ಸರದಿ, ಮಂಡಿ ಸ್ವಲ್ಪ ಬಗ್ಗಿಸಿ ಮತ್ತೆ ಅಷ್ಟೇ ಸಲ. ಇಳಿಸುವಾಗ ಮೂರು ಎಣಿಸಬೇಕು. ಬಗ್ಗಿಸಿ ಮಾಡೋದನ್ನು ಎಲ್ಲರೂ ಬಿಟ್ಟುಬಿಡ್ತಾರೆ, ಆದರೆ ಓಡುವಾಗ ಹೆಚ್ಚು ಭಾರ ಹೊರೋದು ಮೀನಖಂಡದ ಆ ಒಳಪದರದ ಸ್ನಾಯುವೇ.

ಯಾವ ದಿನ ಓಟ ಬಿಡಬೇಕು? ನೋವಿಗೆ ಹತ್ತಕ್ಕೆ ಅಂಕ ಕೊಡಿ. ಓಡುವಾಗ ಎರಡು-ಮೂರರೊಳಗಿದ್ದು ಮರುದಿನ ಬೆಳಿಗ್ಗೆ ಹೊತ್ತಿಗೆ ಹೋಗಿದ್ದರೆ ತೊಂದರೆಯಿಲ್ಲ. ಓಡ್ತಾ ಓಡ್ತಾ ಏರಿದರೆ ಅಲ್ಲೇ ನಿಲ್ಲಿಸಿ ನಡೆದು ಬನ್ನಿ. ಎದ್ದ ಕೂಡಲೇ ಹಾಸಿಗೆಯಲ್ಲೇ ನಾಡಿ ಎಣಿಸುವ ಅಭ್ಯಾಸ ಒಳ್ಳೆಯದು. ಮಾಮೂಲಿಗಿಂತ ಏಳೆಂಟು ಹೆಚ್ಚಿದ್ದು ನಿದ್ದೆಯೂ ಕೆಟ್ಟಿದ್ದರೆ ಆ ದಿನ ನಡಿಗೆ ಸಾಕು. ಜ್ವರ ಇದ್ದರೆ ಅದೂ ಬೇಡ.

ಮಾರ್ಚ್‌ನಿಂದ ಮೇವರೆಗೆ ನಮ್ಮೂರಲ್ಲಿ ಬೆಳಿಗ್ಗೆ ಏಳರೊಳಗೆ ಮುಗಿಸಿ. ಸಂಜೆ ಆರಕ್ಕೂ ಕಾಂಕ್ರೀಟ್ ರಸ್ತೆ ಕಾವು ಕಕ್ಕುತ್ತಿರುತ್ತೆ. ಸೆಕೆಗೆ ಒಗ್ಗಲು ಹತ್ತು-ಹದಿನಾಲ್ಕು ದಿನ ಹಿಡಿಯುತ್ತೆ, ಅಲ್ಲಿವರೆಗೆ ಕಿ.ಮೀ.ಗೆ ಅರ್ಧ ನಿಮಿಷ ನಿಧಾನವಾದರೆ ಫಿಟ್‌ನೆಸ್ ಹೋಯ್ತು ಅಂದುಕೊಳ್ಳಬೇಡಿ. ಓಟದ ನಂತರದ ಬೆಣ್ಣೆ ದೋಸೆ ಬಗ್ಗೆ ನಾನೇನೂ ಹೇಳಲ್ಲ.

ತಪ್ಪಿಹೋದ ಓಟವನ್ನು ಮರುದಿನ ಸೇರಿಸಿ ತೀರಿಸೋಕೆ ಹೋಗಬೇಡಿ. ಒಂದು ದಿನ ತಪ್ಪಿದರೆ ತಪ್ಪಿತು, ಮುಂದಿನದ್ದು ಓಡಿ. ಮದುವೆ, ದುಗ್ಗಮ್ಮನ ಜಾತ್ರೆ ಅಂತ ಪೂರ್ತಿ ವಾರ ಹೋದರೆ ಹಿಂದಿನ ವಾರದ್ದನ್ನೇ ಮತ್ತೆ ಮಾಡಿ. ಎರಡು ವಾರ ಹೋದರೆ ಒಂದು ಹಂತ ಕೆಳಗಿಳಿಯಿರಿ. ನಿಲ್ಲದೆ 30 ನಿಮಿಷ, ವಾರಕ್ಕೆ ಮೂರು ಸಲ, ಒಂದು ತಿಂಗಳು ನೋವಿಲ್ಲದೆ ಓಡಿದ ಮೇಲೆ ನಾಲ್ಕನೇ ದಿನ ಸೇರಿಸಿ, ಅದೂ ಬರೀ 15 ನಿಮಿಷ. ನಾಲ್ಕನೇ ದಿನ ಸೇರಿಸಿದ ತಿಂಗಳಲ್ಲಿ ವೇಗ ಮುಟ್ಟಬೇಡಿ. ದಿನ ಮತ್ತು ವೇಗ ಎರಡನ್ನೂ ಒಟ್ಟಿಗೆ ಏರಿಸಿದರೆ, ನೋವು ಬಂದಾಗ ಯಾವುದರಿಂದ ಬಂತು ಅಂತಲೇ ಗೊತ್ತಾಗಲ್ಲ.