ಮೂರು ಸೇವೆಗೆ ಮೂರು ಬ್ರೇಕ್ ಈವನ್ ಬೇಕೇ?

ಸಮಾರಂಭದ ಪೂರ್ಣ ನಿರ್ವಹಣೆ, ಬರೀ ಅಲಂಕಾರ, ಸೌಂಡ್ ಸಿಸ್ಟಂ ಬಾಡಿಗೆ: ಈ ಮೂರಕ್ಕೂ ಬೇರೆ ಬೇರೆ ಬ್ರೇಕ್ ಈವನ್ (ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ ಖರ್ಚೆಲ್ಲ ತೀರುವ ಹಂತ) ಹಾಕಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. ಆ ದಾರಿಯಲ್ಲಿ ಹೋಗಿ ಕೈ ಸುಟ್ಟುಕೊಂಡವನು ನಾನು.

ನನ್ನದೂ ಇದೇ ಮೂರು ಸೇವೆಗಳ ಸಣ್ಣ ವ್ಯವಹಾರ. ಅಂಕಿಗಳನ್ನು ದುಂಡಗೆ ಮಾಡಿ ಹೇಳುತ್ತೇನೆ. ಗೋದಾಮಿನ ಬಾಡಿಗೆ, ಕಾಯಂ ನೌಕರರ ಸಂಬಳ, ವಿಮೆ, ಸಲಕರಣೆಗಳ ಸವಕಳಿ, ಜೊತೆಗೆ ನನ್ನ ಸಂಬಳ (ಇದನ್ನು ಬಿಡುವವರೇ ಹೆಚ್ಚು) ಸೇರಿ ವರ್ಷದ ಸ್ಥಿರ ವೆಚ್ಚ, ಅಂದರೆ ಆರ್ಡರ್ ಬರಲಿ ಬಿಡಲಿ ಆಗುವ ಖರ್ಚು, 7,40,000 ರೂಪಾಯಿ. ಆ ವರ್ಷ ಬಂದದ್ದು 100 ಆರ್ಡರ್. ಒಂದೊಂದರ ತಲೆಗೆ 7,400 ಕಟ್ಟಿದೆ. ಸೌಂಡ್ ಬಾಡಿಗೆಯ ದರ 5,000. ಸಾಗಣೆ, ಕೂಲಿ ಕಳೆದರೆ ಉಳಿಯುವುದು 4,000. ಅಂದರೆ ಪ್ರತಿ ಸಲವೂ 3,400 ನಷ್ಟ ಎಂದು ಹೆದರಿ ಆ ಸೇವೆಯನ್ನೇ ನಿಲ್ಲಿಸಿಬಿಟ್ಟೆ. ಗೋದಾಮಿನ ಬಾಡಿಗೆಯೇನೂ ಇಳಿಯಲಿಲ್ಲ. 50 ಆರ್ಡರುಗಳಿಂದ ಬರುತ್ತಿದ್ದ 2,00,000 ಮಾತ್ರ ಕೈತಪ್ಪಿತು.

ಸ್ಥಿರ ವೆಚ್ಚವನ್ನು ಹಂಚದೆ ಒಂದೇ ಗಂಟಾಗಿ ಇಡಿ. ಪ್ರತಿ ಸೇವೆಯ ದರದಿಂದ ಆ ಆರ್ಡರ್ ಬಂದಾಗ ಮಾತ್ರ ಆಗುವ ಖರ್ಚನ್ನು ಕಳೆಯಿರಿ. ಉಳಿದದ್ದೇ ಕಾಂಟ್ರಿಬ್ಯೂಷನ್, ಗಂಟನ್ನು ತೀರಿಸಲು ಆ ಸೇವೆ ಕೊಡುವ ಪಾಲು. ನನ್ನಲ್ಲಿ ಪೂರ್ಣ ನಿರ್ವಹಣೆಗೆ 50,000 ದರದಲ್ಲಿ 15,000 ಉಳಿಯುತ್ತದೆ, ಅಲಂಕಾರಕ್ಕೆ 20,000ದಲ್ಲಿ 8,000, ಸೌಂಡ್‌ಗೆ 4,000. ಸಾಮಾನ್ಯವಾಗಿ ಹತ್ತು ಆರ್ಡರುಗಳಲ್ಲಿ ಇವು 2, 3, 5ರಂತೆ ಬರುತ್ತವೆ. ಈ ಹತ್ತರ ಕಟ್ಟಿಗೆ 74,000 ಉಳಿಯುತ್ತದೆ. ಆದ್ದರಿಂದ 7,40,000 ತೀರಲು ಹತ್ತು ಕಟ್ಟು, ಅಂದರೆ 100 ಆರ್ಡರ್ ಬೇಕು. ನಾನು ಸರಿಯಾಗಿ ಹೊಸ್ತಿಲ ಮೇಲೆಯೇ ನಿಂತಿದ್ದೆ. ಸೌಂಡ್ ನಿಲ್ಲಿಸಿ ನಾನಾಗಿಯೇ ನಷ್ಟಕ್ಕೆ ಇಳಿದೆ.

ಈ 100 ಶಿಲಾಶಾಸನವಲ್ಲ. ಹತ್ತರಲ್ಲಿ ಒಂದು ಪೂರ್ಣ ನಿರ್ವಹಣೆ ತಪ್ಪಿ, ಅದರ ಬದಲು ಇನ್ನೊಂದು ಸೌಂಡ್ ಆರ್ಡರ್ ಬಂದರೆ ಕಟ್ಟಿಗೆ ಉಳಿಯುವುದು 63,000. ಆಗ 118 ಆರ್ಡರ್ ಬೇಕು. ಹಾಗಾಗಿ ಈಗ ಮೂರು ತಿಂಗಳಿಗೊಮ್ಮೆ ಈ ಪ್ರಮಾಣವನ್ನು ನೋಡಿ ಲೆಕ್ಕ ತಿದ್ದುತ್ತೇನೆ. ಮುಂಗಡ ಹಣವನ್ನು ಇದರೊಳಗೆ ತರಬೇಡಿ. ಕಾರ್ಯಕ್ರಮ ಮುಗಿಯುವವರೆಗೆ ಅದು ಗ್ರಾಹಕರದ್ದೇ.

ನಮ್ಮ ವ್ಯವಹಾರದಲ್ಲಿ ಇನ್ನೊಂದು ತೊಡಕಿದೆ. ಸಮಾರಂಭಗಳೆಲ್ಲ ಕೆಲವೇ ದಿನಗಳಿಗೆ ಮುಗಿಬೀಳುತ್ತವೆ, ತಂಡ ಇರುವುದು ಒಂದೇ. ಪೂರ್ಣ ನಿರ್ವಹಣೆ ನನ್ನ ತಂಡದ ಮೂರು ದಿನ ತಿನ್ನುತ್ತದೆ, ದಿನಕ್ಕೆ 5,000 ಉಳಿದಂತಾಯಿತು. ಅಲಂಕಾರ ಒಂದೇ ದಿನದ ಕೆಲಸ, 8,000. ಕೆಲಸ ತುಂಬಿರುವ ತಿಂಗಳಲ್ಲಿ ಮೊದಲು ಅಲಂಕಾರದ ಆರ್ಡರುಗಳಿಗೆ ದಿನ ಕೊಟ್ಟು, ಉಳಿದ ದಿನಗಳನ್ನಷ್ಟೇ ಪೂರ್ಣ ನಿರ್ವಹಣೆಗೆ ಇಡುತ್ತೇನೆ. ಕೆಲಸವಿಲ್ಲದ ತಿಂಗಳಲ್ಲಿ ಯಾವುದು ಬಂದರೂ ಬೇಡವೆನ್ನುವುದಿಲ್ಲ.